ಮನೆ ತುಂಬಾ ತೀರ್ಪುಗಾರರು, ಒಲೆ ಮುಂದೆ ಒಬ್ಬರೇ

ಟಿವಿಯಲ್ಲಿ ಅಡುಗೆ ಮಾಡುವವರಿಗೆ ಗ್ಯಾಸ್ ಖಾಲಿಯಾಗುವುದಿಲ್ಲ. ಚಟ್ನಿ ರುಬ್ಬುವಾಗ ಕರೆಂಟ್ ಹೋಗುವುದಿಲ್ಲ. ರವೆಯಲ್ಲಿ ಹುಳ ಇರುವುದಿಲ್ಲ. ಕುಕ್ಕರ್ ಎಷ್ಟು ಸಲ ಕೂಗಿತು ಅಂತ ಲೆಕ್ಕ ತಪ್ಪುವುದೂ ಇಲ್ಲ, ಯಾಕೆಂದರೆ ಅಲ್ಲಿ ಕುಕ್ಕರ್ ಕೂಗುವುದೇ ಇಲ್ಲ. ಅದು ಕೂಗಬೇಕಾದ ಹೊತ್ತಿಗೆ ಸರಿಯಾಗಿ ಜಾಹೀರಾತು ಬರುತ್ತದೆ. ಜಾಹೀರಾತು ಮುಗಿಯುವಷ್ಟರಲ್ಲಿ ಬೇಳೆ ಬೆಂದು, ಆರಿ, ಬಟ್ಟಲಲ್ಲಿ ಕೂತಿರುತ್ತದೆ. "ನಾನು ಮೊದಲೇ ಬೇಯಿಸಿ ಇಟ್ಟುಕೊಂಡಿದ್ದೀನಿ" ಎನ್ನುತ್ತಾರೆ, ನಗುನಗುತ್ತಾ. ಬೇಯಿಸಿದ್ದು ಯಾರು, ಅವರು ಎಷ್ಟು ಹೊತ್ತಿಗೆ ಎದ್ದರು ಅಂತೆಲ್ಲ ಕೇಳಬಾರದು. ಕೊನೆಗೆ "ನೋಡಿದ್ರಲ್ಲ, ಹತ್ತೇ ನಿಮಿಷದಲ್ಲಿ ರೆಡಿ!"

ಆ ಬಟ್ಟಲುಗಳದ್ದೇ ಒಂದು ಕಥೆ. ಕಾಲು ಚಮಚ ಅರಿಶಿನಕ್ಕೊಂದು ಗಾಜಿನ ಬಟ್ಟಲು. ಚಿಟಿಕೆ ಇಂಗಿಗೊಂದು. ಒಂದು ಎಸಳು ಕರಿಬೇವಿಗೆ ಇನ್ನೊಂದು. ನಮ್ಮ ಮನೆಗಳಲ್ಲಿ ಸಾಸಿವೆ, ಜೀರಿಗೆ, ಮೆಂತ್ಯ, ಉದ್ದಿನಬೇಳೆ ಎಲ್ಲವೂ ಒಂದೇ ಒಗ್ಗರಣೆ ಡಬ್ಬಿಯಲ್ಲಿ ತಲೆಮಾರುಗಳಿಂದ ಸಂಸಾರ ಮಾಡಿಕೊಂಡು ಬಂದಿವೆ. ಈಗ ಅವಕ್ಕೂ ಬೇರೆ ಬೇರೆ ಮನೆ ಬೇಕಾಗಿದೆ. ಗಾಜಿನ ಬಟ್ಟಲು ಕೊಂಡವರ ಸಾರಿನ ರುಚಿ ಬದಲಾಯಿತಾ? ಇಲ್ಲ. ಸಿಂಕ್ ಮಾತ್ರ ತುಂಬಿತು. ಟಿವಿಯಲ್ಲಿ ಸಿಂಕ್ ಅನ್ನು ಯಾರಾದರೂ ನೋಡಿದ್ದೀರಾ?

ಮೊದಲು ಹೀಗಿರಲಿಲ್ಲ. 1993ರಲ್ಲಿ ಝೀ ಟಿವಿಯಲ್ಲಿ ಸಂಜೀವ್ ಕಪೂರ್ ಅವರ 'ಖಾನಾ ಖಜಾನಾ' ಶುರುವಾಯಿತು. ಸಾಮಾನುಗಳ ಪಟ್ಟಿ ಪರದೆ ಮೇಲೆ ಬಂದ ಕೂಡಲೇ ಮನೆಯಲ್ಲಿ ಪೆನ್ನಿಗಾಗಿ ಓಡಾಟ. ಕರೆಂಟ್ ಬಿಲ್ಲಿನ ಹಿಂಭಾಗದಲ್ಲಿ ಅರ್ಧ ಬರೆಯುವಷ್ಟರಲ್ಲಿ ಪಟ್ಟಿ ಮಾಯ. ಉಳಿದರ್ಧ ಊಹೆ. ಮಾರನೇ ದಿನ ದಿನಸಿ ಅಂಗಡಿಗೆ ಹೋಗಿ ಕಸೂರಿ ಮೇಥಿ ಕೇಳಿದರೆ ಶೆಟ್ಟರು, "ಮೆಂತ್ಯ ಇದೆ ಅಮ್ಮಾ, ಕಾಲು ಕೆಜಿ ಕಟ್ಲಾ?" ಎನ್ನುತ್ತಿದ್ದರು. ಆದರೂ ಪಾಪ, ಆಗಿನವರು ಮಾಡುವುದಕ್ಕಾಗಿ ನೋಡುತ್ತಿದ್ದರು. ನೋಡಿ, ಬರೆದು, ಕೆಡಿಸಿ, ಮತ್ತೆ ಮಾಡುತ್ತಿದ್ದರು.

ಆಮೇಲೆ ಬಂದಿತು ನೋಡಿ, ಮಾಸ್ಟರ್‌ಶೆಫ್ ಆಸ್ಟ್ರೇಲಿಯಾ ಎಂಬ ಅಡುಗೆ ಸ್ಪರ್ಧೆ. 2009ರಲ್ಲಿ ಅಲ್ಲಿ ಶುರುವಾದದ್ದು ನಮ್ಮ ನಗರಗಳ ಡ್ರಾಯಿಂಗ್ ರೂಮಿಗೂ ಬಂತು. ಮರುವರ್ಷವೇ ಮಾಸ್ಟರ್‌ಶೆಫ್ ಇಂಡಿಯಾ, ಅಕ್ಷಯ್ ಕುಮಾರ್ ಸಮೇತ. ಕೊರಳಿಗೆ ಬಣ್ಣದ ವಸ್ತ್ರ ಸುತ್ತಿಕೊಂಡ ಆಸ್ಟ್ರೇಲಿಯಾದ ತೀರ್ಪುಗಾರ ಮ್ಯಾಟ್ ಪ್ರೆಸ್ಟನ್ ಒಂದು ತುತ್ತು ಬಾಯಿಗಿಟ್ಟು ಸುಮ್ಮನಾದರೆ ಸಾಕು, ಎದುರಿಗಿದ್ದ ಸ್ಪರ್ಧಿಯ ಕಣ್ಣಲ್ಲಿ ನೀರು. ನಮ್ಮ ಗಂಡಸರಿಗೆ ಜ್ಞಾನೋದಯವಾದದ್ದು ಇಲ್ಲೇ. ಈರುಳ್ಳಿ ಹೆಚ್ಚದೆ, ಹೊಗೆ ಕುಡಿಯದೆ, ಕೈ ಸುಟ್ಟುಕೊಳ್ಳದೆ ಅಡುಗೆಯಲ್ಲಿ ದೊಡ್ಡವರಾಗಬಹುದು. ಅದಕ್ಕೊಂದು ಚಮಚ ಸಾಕು.

ಕನ್ನಡದ ಅಡುಗೆ ಕಾರ್ಯಕ್ರಮಗಳಲ್ಲಿ ಈ ಕಾಟ ಕಮ್ಮಿ. 'ಬೊಂಬಾಟ್ ಭೋಜನ'ದ ಸಿಹಿಕಹಿ ಚಂದ್ರು ಅವರನ್ನು ನೋಡುತ್ತಿದ್ದರೆ ನಮಗೂ ಹಸಿವಾಗುತ್ತದೆ, ಅಷ್ಟೇ. ಇನ್ನು ಬೇರೆ ಕಾರ್ಯಕ್ರಮಗಳಿಗೆ ಬರುವ ಅತಿಥಿಗಳಂತೂ ದೇವರಂಥವರು. ಕುದಿಯುವ ಬಾಣಲೆಯಿಂದ ನೇರ ಚಮಚಕ್ಕೆ, ಚಮಚದಿಂದ ಬಾಯಿಗೆ. ನಾಲಿಗೆಗೆ ತಾಗುವ ಮೊದಲೇ "ಮ್ಮ್ಮ್... ಸೂಪರ್!" ಇಷ್ಟು ವರ್ಷಗಳಲ್ಲಿ ಒಬ್ಬ ಅತಿಥಿಯಾದರೂ "ಉಪ್ಪು ಒಂಚೂರು ಜಾಸ್ತಿ ಆಯ್ತು ಮೇಡಂ" ಅಂದದ್ದನ್ನು ನಾನು ಕೇಳಿಲ್ಲ. ನಮ್ಮ ಮನೆಯವರು ಇದನ್ನು ಕಲಿಯಬೇಕಿತ್ತು. ಕಲಿತದ್ದು ಆಸ್ಟ್ರೇಲಿಯಾದವರಿಂದ.

ಹಾಗಾಗಿ ಈಗ ರಾತ್ರಿ ಊಟದ ಹೊತ್ತಿಗೆ ಯಾವ ಮನೆಗೆ ಬೇಕಾದರೂ ಹೋಗಿ ನೋಡಿ.

"ಸಾರು ಹೇಗಿದೇರಿ?"

"ಫ್ಲೇವರ್ ಇದೆ. ಆದ್ರೆ ಟೆಕ್ಸ್ಚರ್ ಮಿಸ್ಸಿಂಗ್ ಅನ್ಸುತ್ತೆ ಕಣೇ."

"ತಿಳಿ ಸಾರಿಗೆ ಎಂಥ ಟೆಕ್ಸ್ಚರ್ ರೀ? ಕಲ್ಲು ಹಾಕ್ಲಾ?"

ಮಗ ತಟ್ಟೆ ತಿರುಗಿಸಿ ನೋಡುತ್ತಾನೆ. "ಅಮ್ಮಾ, ಈ ಬೀನ್ಸ್ ಪಲ್ಯದ ಹಿಂದಿರೋ ಕಥೆ ಏನು?" ಸ್ಪರ್ಧಿಗಳು ತಮ್ಮ ಊರು, ತೋಟ, ತೀರಿಹೋದ ತಾತ ಎಲ್ಲರನ್ನೂ ನೆನೆದು ಅಳುವುದನ್ನು ಅವನು ಟಿವಿಯಲ್ಲಿ ನೋಡಿದ್ದಾನೆ. ಇಲ್ಲಿ ಕಥೆ ಇಷ್ಟೇ. ಭಾನುವಾರ ತಂದ ಬೀನ್ಸು ಬುಧವಾರಕ್ಕೆ ಬಾಡುತ್ತಿತ್ತು. ಮಗಳ ದೂರು ಬೇರೆ: ತಟ್ಟೆಯಲ್ಲಿ ಕಲರ್ ಇಲ್ಲ. ಮೂಲೆಯಲ್ಲಿ ಕೂತ ಅಜ್ಜಿ ಒಂದೇ ಮಾತು ಹೇಳುತ್ತಾರೆ: "ಉಣ್ಣೋದಾದ್ರೆ ಉಣ್ಣಿ, ಇಲ್ಲಾಂದ್ರೆ ಎದ್ದೋಗಿ." ಈ ಎಲಿಮಿನೇಷನ್ ರೌಂಡ್ ನಮ್ಮಲ್ಲಿ ಟಿವಿ ಬರುವ ಮೊದಲೇ ಇತ್ತು. ಎಸ್ಸೆಮ್ಮೆಸ್ ವೋಟಿಂಗ್ ಇರಲಿಲ್ಲ ಅಷ್ಟೇ.

ದೂರದ್ದು ದೊಡ್ಡದು ಅನ್ನುವ ರೋಗ ಬೇರೆ. 2010ರ ಮಾಸ್ಟರ್‌ಶೆಫ್ ಆಸ್ಟ್ರೇಲಿಯಾ ಫೈನಲ್‌ನಲ್ಲಿ ಸಿಡ್ನಿಯ ಶೆಫ್ ಪೀಟರ್ ಗಿಲ್ಮೋರ್ ತಮ್ಮ 'ಸ್ನೋ ಎಗ್' ಮಾಡಲು ಕೊಟ್ಟರು. ತಳದಲ್ಲಿ ಸೀಬೆಹಣ್ಣಿನ ಐಸ್ ತರಿ. ಅದರ ಮೇಲೆ ಮೊಟ್ಟೆಯ ಬಿಳಿಭಾಗದ ಉಂಡೆ, ಉಂಡೆಯೊಳಗೆ ಸೀತಾಫಲದ ಐಸ್‌ಕ್ರೀಂ. ಎಲ್ಲದರ ಮೇಲೆ ಗಾಜಿನಂತೆ ತೆಳ್ಳಗಿನ ಸಕ್ಕರೆ ಹೊದಿಕೆ. ನೋಡಿದವರು ಬಾಯಿ ಬಿಟ್ಟುಕೊಂಡು ಕೂತರು. ಅದೇ ಸೀಬೆ, ಅದೇ ಸೀತಾಫಲ ಬೆಂಗಳೂರಿನ ರಸ್ತೆ ಬದಿಯಲ್ಲಿ ತಳ್ಳುಗಾಡಿ ಮೇಲೆ ಕೂತಿರುತ್ತವೆ. ಗಾಡಿಯವನು ಸೀಬೆಯನ್ನು ನಾಲ್ಕಾಗಿ ಸೀಳಿ, ಉಪ್ಪು ಖಾರ ಸವರಿ, ಪೇಪರ್ ತುಂಡಿನ ಮೇಲಿಟ್ಟು ಕೊಡುತ್ತಾನೆ. ಅವನ ಜೊತೆ ಐದು ರೂಪಾಯಿಗೆ ಚೌಕಾಸಿ ಮಾಡಿದವರೇ ಮನೆಗೆ ಬಂದು ಸ್ನೋ ಎಗ್ಗಿಗೆ ಚಪ್ಪಾಳೆ ಹೊಡೆಯುತ್ತಾರೆ.

2021ರ ಫೈನಲ್ ಅಂತೂ ನಮ್ಮ ಅಜ್ಜಿಯಂದಿರ ಪಾಲಿಗೆ ತಡವಾಗಿ ಬಂದ ನ್ಯಾಯ. ಬಾಂಗ್ಲಾದೇಶಿ ಮೂಲದ ಕಿಶ್ವರ್ ಚೌಧುರಿ ಅಲ್ಲಿ ಪಾಂತಾ ಭಾತ್ ಬಡಿಸಿದರು. ನೀರಲ್ಲಿ ನೆನೆಸಿಟ್ಟ ಅನ್ನ, ಅಂದರೆ ನಮ್ಮ ತಂಗಳನ್ನದ ಬಂಗಾಳಿ ಅಕ್ಕ. 'ಸ್ಮೋಕ್ಡ್ ರೈಸ್ ವಾಟರ್' ಎಂಬ ಹೆಸರು, ಪಕ್ಕದಲ್ಲಿ ಆಲೂ ಭೋರ್ತಾ ಅಂದರೆ ಹಿಸುಕಿದ ಆಲೂಗಡ್ಡೆ, ಜೊತೆಗೆ ಭೂತಾಯಿ ಮೀನು. ತೀರ್ಪುಗಾರರು ಮೆಚ್ಚಿದರು. ಅಂಥ ವೇದಿಕೆಯಲ್ಲಿ ಬಡವರ ಬೆಳಗಿನ ಊಟ ಇಟ್ಟ ಆಕೆಯ ಧೈರ್ಯಕ್ಕೆ ನನ್ನದೊಂದು ದೊಡ್ಡ ನಮಸ್ಕಾರ. ನನ್ನ ತಕರಾರು ನಮ್ಮವರ ಬಗ್ಗೆ. ತಂಗಳನ್ನಕ್ಕೆ ಮೊಸರು, ಹಸಿಮೆಣಸಿನಕಾಯಿ, ಈರುಳ್ಳಿ ಹಾಕಿ ಅಜ್ಜಿ ಕೊಟ್ಟಾಗ ಮೂಗು ಮುರಿದವರು ಈಗ ಅದನ್ನೇ ಪ್ರೋಬಯಾಟಿಕ್ ಬೌಲ್ ಅಂತ ಮಣ್ಣಿನ ಮಡಕೆಯಲ್ಲಿಟ್ಟು ಫೋಟೋ ತೆಗೆಯುತ್ತಾರೆ. ಅಜ್ಜಿ ಕೇಳುತ್ತಾರೆ, "ನಿಮ್ಮಜ್ಜ ಇದನ್ನೇ ಉಂಡು ಗದ್ದೆ ಉತ್ತಿದ್ದು. ಆಗ ಯಾಕಪ್ಪಾ ಯಾರೂ ಫೋಟೋ ತೆಗೀಲಿಲ್ಲ?"

ಇನ್ನು ಭಾನುವಾರದ ನಳಮಹಾರಾಜರು. 2023ರಲ್ಲಿ ಮಂಗಳೂರಿನ ಮೊಹಮ್ಮದ್ ಆಶಿಕ್ ಮಾಸ್ಟರ್‌ಶೆಫ್ ಇಂಡಿಯಾ ಗೆದ್ದ ಮೇಲೆ ಇವರಿಗೆ ಹುಮ್ಮಸ್ಸು ಜಾಸ್ತಿಯಾಗಿದೆ. "ನಮ್ಮೂರ ಹುಡುಗನೇ ಗೆದ್ದ, ನನಗೇನು ಕಷ್ಟ?" ಆಶಿಕ್ ಕುಲುಕ್ಕಿ ಶರಬತ್ತಿನ ಅಂಗಡಿ ನಡೆಸಿ ಕೈ ಪಳಗಿಸಿಕೊಂಡವರು. ಇವರು ಅಡುಗೆಮನೆಗೆ ಹೋಗುವುದು ಫ್ರಿಜ್ಜಿನ ನೀರಿಗೆ ಮಾತ್ರ. ಇರಲಿ. ಭಾನುವಾರ ಬೆಳಿಗ್ಗೆ ಏಪ್ರನ್ ಬರುತ್ತದೆ. ಹೆಂಡತಿ ಅಸಿಸ್ಟೆಂಟ್. "ಲೇ, ಜೀರಿಗೆ ಎಲ್ಲಿದೆ?" "ಲೇ, ಇದು ಜೀರಿಗೇನಾ ಸೋಂಪಾ?" "ಲೇ, ಸಿಮ್ ಅಂದ್ರೆ ಯಾವ ಕಡೆ ತಿರುಗಿಸಬೇಕು?" ಮಧ್ಯಾಹ್ನ ಮೂರಕ್ಕೆ 'ಡೀಕನ್‌ಸ್ಟ್ರಕ್ಟೆಡ್ ಬಿಸಿಬೇಳೆ ಬಾತ್' ಹೊರಗೆ ಬರುತ್ತದೆ. ಅನ್ನ ಒಂದು ಕಡೆ, ಬೇಳೆ ಒಂದು ಕಡೆ, ತರಕಾರಿ ಇನ್ನೊಂದು ಕಡೆ. ತಟ್ಟೆಯ ಅಂಚಿಗೆ ತುಪ್ಪದ ಮೂರು ಚುಕ್ಕಿ. ಮಕ್ಕಳು ಹಸಿವಿನಿಂದ ಆಗಲೇ ಬಿಸ್ಕತ್ತಿನ ಪೊಟ್ಟಣ ಮುಗಿಸಿರುತ್ತಾರೆ. ಫ್ಯಾಮಿಲಿ ಗ್ರೂಪಿನಲ್ಲಿ ಫೋಟೋಗೆ ಸೋದರತ್ತೆಯರಿಂದ ಹೂವು, ಹೆಬ್ಬೆರಳು, "ಪುಣ್ಯ ಮಾಡಿದ್ಲು ಕಣೋ ನಿನ್ನ ಹೆಂಡ್ತಿ" ಎಂಬ ಸರ್ಟಿಫಿಕೇಟು. ಪುಣ್ಯವಂತೆ ಆ ಹೊತ್ತಿಗೆ ಸಿಂಕಿನ ಮುಂದೆ ನಿಂತಿರುತ್ತಾಳೆ. ಮನೆಯಲ್ಲಿದ್ದ ಪಾತ್ರೆಯೆಲ್ಲ ಅಲ್ಲಿದೆ. ಇಡ್ಲಿ ತಟ್ಟೆ ಯಾಕೆ ಬಂತು ಅಂತ ಅವಳಿಗೂ ಗೊತ್ತಿಲ್ಲ.

ಚಾನೆಲ್‌ನವರಿಗೆ ನನ್ನದೊಂದು ಬಿಟ್ಟಿ ಐಡಿಯಾ. ಅಡುಗೆ ಕಾರ್ಯಕ್ರಮ ಮುಗಿದ ಕೂಡಲೇ ಅದೇ ಸೆಟ್‌ನಲ್ಲಿ ಅರ್ಧ ಗಂಟೆ ಪಾತ್ರೆ ತೊಳೆಯುವ ಸ್ಪರ್ಧೆ ಇಡಿ. ಬ್ರೇಕ್ ಬೇಡ. 'ನಾನು ಮೊದಲೇ ತೊಳೆದಿಟ್ಟುಕೊಂಡಿದ್ದೀನಿ' ಅನ್ನುವುದಕ್ಕೂ ಅವಕಾಶ ಬೇಡ. ಸ್ಪರ್ಧಿಗಳು ಊಟಕ್ಕೆ ಮಾರ್ಕ್ಸ್ ಕೊಟ್ಟವರೇ ಆಗಿರಬೇಕು. ಮೊದಲ ಸುತ್ತಿಗೆ ಮಿಕ್ಸಿ ಜಾರಿನ ಬ್ಲೇಡಿನ ಸಂದಿ, ಎರಡನೇ ಸುತ್ತಿಗೆ ಹಾಲು ಸೀದ ಪಾತ್ರೆ, ಫೈನಲ್‌ಗೆ ಬೋಂಡ ಕರಿದ ಕಬ್ಬಿಣದ ಬಾಣಲೆ. ತೀರ್ಪುಗಾರರಾಗಿ ಮೂರು ಮನೆ ಪಾತ್ರೆ ಮುಗಿಸಿ ಬಂದ ಮನೆಗೆಲಸದಾಕೆಯನ್ನು ಕೂರಿಸಿ. ಕೊರಳಿಗೆ ಬೇಕಿದ್ದರೆ ಬಣ್ಣದ ವಸ್ತ್ರವನ್ನೂ ಸುತ್ತಿ. ಆಕೆ ಬಾಣಲೆಯ ತಳಕ್ಕೆ ಬೆರಳು ಸವರಿ, ಬೆರಳನ್ನು ದೀಪಕ್ಕೆ ಹಿಡಿದು ನೋಡಲಿ. ಕ್ಯಾಮೆರಾ ಸ್ಪರ್ಧಿಯ ಮುಖಕ್ಕೆ ಹೋಗಲಿ, ಡ್ರಮ್ಮು ಬಾರಿಸಲಿ.

"ಜಿಡ್ಡು ಹೋಗಿಲ್ಲ ಸಾರ್. ಇನ್ನೊಂದ್ ಸಲ ತಿಕ್ಕಿ."