ಬೂಷ್ಟಿಗೆ ಬಣ್ಣ, ಬಾಡಿಗೆದಾರನಿಗೆ ಬುದ್ಧಿವಾದ

ಇಂಗ್ಲೆಂಡಿನಲ್ಲಿ ಅವಾಬ್ ಅನ್ನೋ ಮಗುವಿನ ಹೆಸರಿನ ‘ಅವಾಬ್ ಕಾನೂನು’ ಕಡೆಗೂ ಜಾರಿಗೆ ಬಂತು, 2025ರ ಅಕ್ಟೋಬರ್ 27ರಂದು. ಗೋಡೆಗೆ ಬೂಷ್ಟು ಹಿಡಿದಿದೆ ಅಂತ ದೂರಿದರೆ ಮನೆ ಬಾಡಿಗೆಗೆ ಕೊಟ್ಟ ವಸತಿ ಸಂಸ್ಥೆಯವರು 10 ಕೆಲಸದ ದಿನದೊಳಗೆ ಬಂದು ನೋಡಬೇಕು. ಜೀವಕ್ಕೇ ಕುತ್ತಾಗುವ ಹಾಗಿದ್ದರೆ 24 ಗಂಟೆಯೊಳಗೆ. ಬಂದು ನೋಡಿ ಹೋಗೋದಕ್ಕೂ ಪಾರ್ಲಿಮೆಂಟು ಕೂರಬೇಕಾಯಿತು! ಕಾಯ್ದೆ ಆಗಿದ್ದು 2023ರಲ್ಲಿ. ಇರಲಿ, ದೊಡ್ಡ ದೇಶದವರನ್ನು ಅವಸರ ಮಾಡಬಾರದು.

ರಾಚ್‌ಡೇಲ್‌ನ ಅವಾಬ್‌ನ ತಂದೆ 2017ರಲ್ಲೇ ದೂರು ಕೊಟ್ಟಿದ್ದರು. ವಸತಿ ಸಂಸ್ಥೆಯಿಂದ ಸಿಕ್ಕ ಸಲಹೆ: ಮೇಲೊಂದು ಕೋಟ್ ಬಣ್ಣ ಹೊಡೀರಿ. ಎಷ್ಟು ಸರಳ, ಎಷ್ಟು ಅಗ್ಗ! ಅದೂ ಬಾಡಿಗೆದಾರನ ದುಡ್ಡಲ್ಲಿ, ಅವನ ರಟ್ಟೆಯಲ್ಲಿ.

ಜೊತೆಗೆ ಸಂಸ್ಥೆಯವರು ಒಂದು ಸಂಶೋಧನೆಯನ್ನೂ ಮಾಡಿದ್ದರು: ಬೂಷ್ಟಿಗೆ ಕಾರಣ ಕಟ್ಟಡವಲ್ಲ, ಒಳಗಿರುವವರ ಜೀವನಶೈಲಿ. ಹೌದು ಸ್ವಾಮಿ, ಈ ಜನ ಸ್ನಾನ ಮಾಡ್ತಾರೆ. ಅನ್ನಕ್ಕಿಡ್ತಾರೆ. ಮಗುವಿನ ಬಟ್ಟೆ ಒಗೆದು ಒಣಹಾಕ್ತಾರೆ. ಸಾಲದ್ದಕ್ಕೆ ಉಸಿರೂ ಆಡ್ತಾರೆ, ಉಸಿರಲ್ಲಿ ತೇವ ಇರುತ್ತೆ ಅಂತ ಗೊತ್ತಿದ್ದೂ! ಸಂಸ್ಥೆಗೆ ಬೇಕಾದ ಬಾಡಿಗೆದಾರನೇ ಬೇರೆ: ತಿಂಗಳಾದ ಕೂಡಲೇ ಬಾಡಿಗೆ ಕಟ್ಟಿ, ಮೀಯದೆ, ಬೇಯಿಸದೆ, ಜನವರಿ ಚಳಿಯಲ್ಲಿ ಕಿಟಕಿ ಹಾರುಹೊಡೆದು, ಉಸಿರು ಬಿಗಿಹಿಡಿದು ಕೂರುವ ಪುಣ್ಯಾತ್ಮ. ಅಂದಹಾಗೆ ಈ ಕಾನೂನು ಸದ್ಯಕ್ಕೆ ಸೋಷಿಯಲ್ ಹೌಸಿಂಗಿಗೆ, ಅಂದರೆ ಕೌನ್ಸಿಲ್ಲು, ವಸತಿ ಸಂಸ್ಥೆಗಳು ಕಡಿಮೆ ಬಾಡಿಗೆಗೆ ಕೊಡುವ ಮನೆಗಳಿಗೆ ಮಾತ್ರ. ಅಲ್ಲಿ ಖಾಸಗಿ ಮನೆಗಳಲ್ಲಿ ಬಾಡಿಗೆಗಿರುವ ನಮ್ಮ ಹುಡುಗರು ಸಾರಿಗೆ ಒಗ್ಗರಣೆ ಹಾಕುವ ಮುನ್ನ ಎರಡು ಸಲ ಯೋಚಿಸಲಿ.

2020ರ ಜುಲೈನಲ್ಲಿ ಸಂಸ್ಥೆಯವರೇ ಬಂದು ಅಡುಗೆಮನೆ, ಬಚ್ಚಲಿನ ಬೂಷ್ಟನ್ನು ಕಣ್ಣಾರೆ ಕಂಡರು. ಆರೋಗ್ಯ ಕಾರ್ಯಕರ್ತೆಯೂ ಪತ್ರ ಬರೆದರು. ಆದರೆ ಅಷ್ಟರಲ್ಲಿ ಆ ಮನೆಯವರು ವಕೀಲರ ಮೂಲಕ ಮನೆ ರಿಪೇರಿಯ ಕ್ಲೇಮು ಹಾಕಿಯಾಗಿತ್ತಲ್ಲ, ಎರಡೂ ಕಡೆಯ ವಕೀಲರು ಒಪ್ಪುವ ತನಕ ಗೋಡೆ ಮುಟ್ಟುವ ಹಾಗಿಲ್ಲವಂತೆ. ಡಿಸೆಂಬರಿನಲ್ಲಿ ಮಗು ಸತ್ತಿತು. ಎರಡು ವರ್ಷದ ಮಗು ರೀ. ಶ್ವಾಸನಾಳ ಊದಿಕೊಂಡು ಸತ್ತಿತು. ಶೈಲಿಯೂ ಇಲ್ಲ, ಗೀಲಿಯೂ ಇಲ್ಲ. ತೇವ ಹೊರಹೋಗಲು ಆ ಮನೆಯಲ್ಲಿ ಸರಿಯಾಗಿ ಗಾಳಿಯೇ ಆಡುತ್ತಿರಲಿಲ್ಲ. ಇಷ್ಟನ್ನು ಕರೋನರ್, ಅಂದರೆ ಸಾವಿನ ಕಾರಣ ವಿಚಾರಿಸುವ ಅಧಿಕಾರಿ, ಬಾಯಲ್ಲಿ ಕೇಳಲು 2022ರ ನವೆಂಬರ್ ತನಕ ಕಾಯಬೇಕಾಯಿತು. ಇದಕ್ಕೆ ಏನಂತ ತಮಾಷೆ ಮಾಡೋದು?

ಸಂಸ್ಥೆಯ ಮುಖ್ಯಸ್ಥರು ಮೊದಲು ರಾಜೀನಾಮೆ ಕೊಡಲ್ಲ ಅಂದರು, ಆಡಳಿತ ಮಂಡಳಿಗೆ ತಮ್ಮ ಮೇಲೆ ಪೂರ್ತಿ ನಂಬಿಕೆ ಇದೆ ಅಂದರು. ಊರೆಲ್ಲ ಬೈದ ಮೇಲೆ ಅದೇ ಮಂಡಳಿ ಅವರನ್ನು ಇಳಿಸಿತು. ನಂಬಿಕೆಯ ಆಯಸ್ಸು ಅಷ್ಟೇ ಇತ್ತು.

ಇನ್ನು ಬೆಂಕಿ, ಕರೆಂಟು, ಕಟ್ಟಡ ಕುಸಿತದ ವಿಚಾರ. ತುರ್ತಾದವು ಈಗಲೇ ಕಾನೂನಿನೊಳಗೆ ಬಂದಿವೆ. ಅಷ್ಟೇನೂ ತುರ್ತಲ್ಲದ ಕುಸಿತಗಳ ಸರದಿ 2026ಕ್ಕೆ ಅಂತ ಸರ್ಕಾರ ಹೇಳಿತ್ತು. ಚಾವಣಿಗೂ ಯಾರಾದರೂ ಒಂದು ಮಾತು ತಿಳಿಸಿಬಿಡಿ.