‘ಯಾರೋ ಕೂತಿದ್ದಾರೆ’ ಅನ್ನೋದು 112ರ ಕೇಸಾ?

ದಾವಣಗೆರೆಯ ಹೊಸ ಬಡಾವಣೆಗಳಲ್ಲಿ ಈಗ ಕಾವಲು ಕಾಯೋದು ವಾಟ್ಸ್‌ಆ್ಯಪ್ ಗ್ರೂಪು. ಗುರುತಿಲ್ಲದ ಮುಖ ಕಂಡ್ರೆ ಸಾಕು, ಫೋಟೊ ಬರುತ್ತೆ, ‘ಹುಷಾರ್’ ಅಂತ ನಾಲ್ಕು ಜನ ಬರೀತಾರೆ, ಐದನೆಯವರು 112ಕ್ಕೆ ಹಚ್ಚುತಾರೆ. ಫೋನ್ ಮಾಡೋದನ್ನ ನಾನು ಬ್ಯಾಡ ಅನ್ನಲ್ಲ. 2018ರ ಮೇನಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮಕ್ಕಳ ಕಳ್ಳ ಅನ್ನೋ ವದಂತಿಗೆ ರಾಜಸ್ಥಾನದ ಯುವಕನನ್ನ ಜನ ಹೊಡೆದೇ ಕೊಂದ್ರು. ಕೈ ಎತ್ತೋದಕ್ಕಿಂತ ಫೋನ್ ಎತ್ತೋದು ಸಾವಿರ ಪಾಲು ವಾಸಿ. ನನ್ನ ತಕರಾರು ಇರೋದು ಆಮೇಲೆ ನಡೆಯೋದರ ಬಗ್ಗೆ.

ಮೊನ್ನೆ ನಮ್ಮ ಬೀದಿಗೆ ಕೂದಲಿಗೆ ಪಾತ್ರೆ ಕೊಡೋ ಇಬ್ಬರು ಹೆಂಗಸರು ಬಂದಿದ್ರು. ಉರಿಬಿಸಿಲು. ಅರ್ಧಕ್ಕೆ ನಿಂತ ಮನೆಯೊಂದರ ಮುಂದೆ ಹೊಂಗೆ ನೆರಳಲ್ಲಿ ಬುತ್ತಿ ಬಿಚ್ಚಿದ್ರು. ಖಾಲಿ ಮನೆ ನೋಡ್ಕಂಡು ಹೋಗಾಕೆ ಬಂದಾರೆ ಅಂತ ಯಾರೋ ಫೋನ್ ಮಾಡಿದ್ರು. ಗಾಡಿ ಬೇಗನೇ ಬಂತು. ಪೊಲೀಸರು ಬೈಲಿಲ್ಲ, ಲಾಠಿ ತೋರಿಸ್ಲಿಲ್ಲ. ಚೀಲ ಬಿಚ್ಚಿಸಿದ್ರು: ಕೂದಲ ಗಂಟು, ಸ್ಟೀಲ್ ಬಟ್ಟಲು, ಸಣ್ಣ ತಕ್ಕಡಿ. ಆಧಾರ್ ಕಾರ್ಡೂ ನೋಡಿದ್ರು. ಎಲ್ಲ ಸರಿ ಇತ್ತು. ಆಮೇಲೆ ಅಂದ್ರು, ‘ಆತು ಹೋಗ್ರಮ್ಮ, ಇನ್ನು ಈ ಕಡೆ ಬರಬ್ಯಾಡ್ರಿ, ಜನ ಕಂಪ್ಲೇಂಟ್ ಮಾಡ್ತಾರೆ.’

ಕೆಟ್ಟಿದ್ದು ಅಲ್ಲೇ. ತಪ್ಪಿಲ್ಲ ಅಂತ ಖುದ್ದು ನೋಡಿದವರೇ ಶಿಕ್ಷೆ ಕೊಟ್ಟು ಹೋದ್ರು. ಆ ಹೆಂಗಸರು ಅರ್ಧ ಊಟ ಕಟ್ಟಿಕೊಂಡು ಹೊರಟ್ರು. ಫೋನ್ ಮಾಡಿದವರಿಗೆ ‘ನಾನು ಹೇಳಿದ್ದಕ್ಕೇ ಓಡಿಸಿದ್ರು’ ಅನ್ನೋ ಸಮಾಧಾನ. ಮುಂದಿನ ಸಲ ಇನ್ನೂ ಬೇಗ ಮಾಡ್ತಾರೆ.

ಈ ಗುಮಾನಿ ಇವತ್ತಿನದಲ್ಲ. ಅಲೆಮಾರಿಗಳನ್ನ ಹುಟ್ಟಿನಿಂದಲೇ ಅಪರಾಧಿಗಳು ಅಂತ ಪಟ್ಟಿಗೆ ಸೇರಿಸೋ ಕಾಯ್ದೆಯನ್ನ ಬ್ರಿಟಿಷರು ತಂದಿದ್ದು 1871ರಲ್ಲಿ. 1952ರಲ್ಲಿ ಕಾಯ್ದೆ ಹೋಯ್ತು, ಕಣ್ಣು ಹೋಗ್ಲಿಲ್ಲ. ನಮ್ಮ ಚನ್ನಗಿರಿ ಕಡೆಯ ಹಕ್ಕಿಪಿಕ್ಕಿ ಜನ ಆಫ್ರಿಕಾಕ್ಕೂ ಹೋಗಿ ವ್ಯಾಪಾರ ಮಾಡಿ ಬರ್ತಾರೆ, ನಮ್ಮ ಬೀದಿಗೆ ಬರೋಕೆ ಮಾತ್ರ ವಿಚಾರಣೆ!

ಇಂಥ ಕರೆ ಮಾಡಿದವರ ಮೇಲೇ ಕೇಸ್ ಹಾಕ್ರಿ ಅನ್ನೋರಿದ್ದಾರೆ. ಭಾರತೀಯ ನ್ಯಾಯ ಸಂಹಿತೆಯ 217ನೇ ಸೆಕ್ಷನ್ನಿನಲ್ಲಿ ಒಂದು ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಉಂಟು. ಆದ್ರೆ ಸುಳ್ಳು ಅಂತ ಗೊತ್ತಿದ್ದೇ ಹೇಳಿರಬೇಕು. ‘ಇಬ್ಬರು ಹೆಂಗಸರು ಕೂತಿದ್ದಾರೆ’ ಅನ್ನೋದು ಸುಳ್ಳಲ್ಲವಲ್ಲ! ಮೇಲಾಗಿ ಕೇಸಿನ ಭಯ ಹುಟ್ಟಿಸಿದ್ರೆ, ಕುಡಿದ ಗಂಡ ಬಾಗಿಲು ಒದೀತಿರುವಾಗ ಹೆಣ್ಮಗಳೊಬ್ಬಳು ಫೋನ್ ಹಿಡಿದು ಹಿಂದೆಮುಂದೆ ನೋಡ್ತಾಳೆ. ಅದು ಬೇಡವೇ ಬೇಡ.

2018ರ ಏಪ್ರಿಲ್‌ನಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಕಾಫಿ ಅಂಗಡಿಯೊಂದರಲ್ಲಿ ಒಬ್ಬರಿಗಾಗಿ ಕಾಯ್ತಾ ಕೂತಿದ್ದ ಕಪ್ಪು ಜನಾಂಗದ ಇಬ್ಬರು ಯುವಕರಿಗೆ, ಅಂಗಡಿಯವರ ಒಂದು ಕರೆಗೆ, ಪೊಲೀಸರು ಕೋಳ ಹಾಕಿದ್ರು. ಮೊದಲು ಸಮರ್ಥಿಸಿಕೊಂಡ ಪೊಲೀಸ್ ಮುಖ್ಯಸ್ಥರೇ ಆಮೇಲೆ ಕ್ಷಮೆ ಕೇಳಿದ್ರು. ಕರೆ ಮಾಡಿದವರ ಕಣ್ಣಿಂದಲೇ ಪೊಲೀಸರೂ ನೋಡಿದ್ರೆ ಎಲ್ಲಿಯಾದ್ರೂ ಆಗೋದು ಇಷ್ಟೇ.

ಹಂಗಾದ್ರೆ ಏನು ಮಾಡಬೇಕು? ಫೋನ್ ತಗೊಂಡವರು ‘ಅವರು ಏನು ಮಾಡ್ತಿದ್ದಾರೆ’ ಅಂತ ಮೊದಲು ಕೇಳ್ಲಿ. ಬೀಗ ಮುರೀತಿದ್ದಾರಾ, ಕಾಂಪೌಂಡ್ ಹಾರ್ತಿದ್ದಾರಾ? ಉತ್ತರ ಏನೇ ಇರಲಿ, ಗಾಡಿ ಬರಲಿ, ಆ ಉತ್ತರ ಗಾಡಿಯಲ್ಲಿರೋರಿಗೂ ಗೊತ್ತಿರಲಿ. ತಪ್ಪಿಲ್ಲ ಅಂತ ಕಂಡ್ರೆ ‘ಊಟ ಮುಗಿಸ್ರಮ್ಮ’ ಅಂದು, ಅಲ್ಲಿಂದಲೇ ಕರೆ ಮಾಡಿದವರಿಗೆ ಫೋನ್ ಹಚ್ಚಿ ‘ವಿಚಾರಿಸಿದ್ವಿ, ವ್ಯಾಪಾರದವರು, ನಾಳೆನೂ ಬರ್ತಾರೆ’ ಅನ್ನಲಿ. ಅದೇ ಮನೆಯಿಂದ ಅಂಥದ್ದೇ ಕರೆ ಮತ್ತೆ ಮತ್ತೆ ಬಂದ್ರೆ ಬೀಟ್ ಪೊಲೀಸರು ಆ ಮನೆಗೇ ಹೋಗಿ ಮಾತಾಡ್ಲಿ. ಹೆಂಗೂ ಬೀಟಿಗೆ ಅಂತ ಬೀದಿಗೆ ಬರ್ತಾರಲ್ಲ.