ಹೊಳೆಗೆ ಸುರಿದರೂ ಅಳೆದು ಸುರಿ

ನಮ್ಮ ಮಂಡ್ಯದ ಕಡೆಯವರು ನೀರಿನ ಲೆಕ್ಕದಲ್ಲಿ ತಪ್ಪುವುದೇ ಇಲ್ಲ. ಟೀ ಅಂಗಡಿಯಲ್ಲಿ ಕೂತ ಯಾರನ್ನಾದರೂ ಕೇಳಿ, ಕೆಆರ್‌ಎಸ್ ಕಟ್ಟೆಯಲ್ಲಿ ಇವತ್ತು ಎಷ್ಟು ಅಡಿ, ಒಳಹರಿವು ಎಷ್ಟು, ಹೊರಹರಿವು ಎಷ್ಟು ಅಂತ ಪೇಪರ್ ನೋಡದೆ ಹೇಳುತ್ತಾರೆ. 2018ರಲ್ಲಿ ಸುಪ್ರೀಂ ಕೋರ್ಟ್ ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ ಕಾವೇರಿ ನೀರು ಬಿಡಿ ಅಂದಾಗ ಆ ಕಾಲು ಟಿಎಂಸಿಗೂ ಬೇರೆಯಾಗಿ ಬೈದವರು ನಾವು. ಹೊಳೆಗೆ ಸುರಿದರೂ ಅಳೆದು ಸುರಿ ಅಂತ ಹಿರಿಯರು ಸುಮ್ನೆ ಹೇಳಿದ್ದಾರಾ?

ಮೋರಿ ನೀರಿನ ವಿಷಯಕ್ಕೆ ಬನ್ನಿ, ನಮ್ಮಷ್ಟು ಧಾರಾಳಿಗಳು ಇನ್ನೊಬ್ಬರಿಲ್ಲ. ಅದಕ್ಕೆ ಟ್ರಿಬ್ಯುನಲ್ ಇಲ್ಲ, ಬರಗಾಲದಲ್ಲಿ ನೀರು ಹಂಚುವ ಸಂಕಷ್ಟ ಸೂತ್ರ ಇಲ್ಲ, ಮಂಡ್ಯದ ಸಂಜಯ ವೃತ್ತದಲ್ಲಿ ರಸ್ತೆ ತಡೆಯೂ ಇಲ್ಲ. ಮಳೆ ಬರಲಿ, ಬರ ಬರಲಿ, ವರ್ಷಪೂರ್ತಿ ಬಿಡುಗಡೆ. ಬೆಂಗಳೂರಿನವರೂ ಕಮ್ಮಿಯಿಲ್ಲ. ಅವರ ವೃಷಭಾವತಿ ಅರ್ಕಾವತಿಯನ್ನು ಸೇರಿ, ಅರ್ಕಾವತಿ ಕಾವೇರಿಯನ್ನು ಸೇರಿ, ಎಲ್ಲವೂ ತಮಿಳುನಾಡಿಗೆ ಹೋಗುವ ನೀರನ್ನು ಅಳೆಯುವ ಗಡಿಯ ಬಿಳಿಗುಂಡ್ಲುವಿನಲ್ಲಿ ಅಳತೆಗೆ ಸಿಗುತ್ತದೆ. ಹರಿವು ಅಳೆಯುವ ಕ್ಯೂಸೆಕ್‌ಗೆ ಬಣ್ಣ, ವಾಸನೆ ಏನೂ ಇಲ್ಲವಲ್ಲ, ಹಾಗಾಗಿ ಬಚ್ಚಲ ನೀರು ಬಿಟ್ಟರೂ ಕೋರ್ಟ್ ಆದೇಶ ಪಾಲಿಸಿದ ಹಾಗೇ.

ನಾನಿರುವುದು ಮೈಸೂರಿನಲ್ಲಿ. 2016ರಲ್ಲಿ ದೇಶಕ್ಕೇ ಸ್ವಚ್ಛ ನಗರ ಅನ್ನಿಸಿಕೊಂಡ ಊರು. ಇಲ್ಲಿನ ಕೊಳಚೆ ಎರಡು ದಿಕ್ಕಿಗೆ ಹೊರಡುತ್ತದೆ: ಕೆಸರೆ ಕಡೆಯದು ಕಾವೇರಿಗೆ, ದಕ್ಷಿಣದ್ದು ದಳವಾಯಿ ಕೆರೆ ಹಾದು ಕಬಿನಿಗೆ. ಕೊನೆಗೆ ಎರಡೂ ಸೇರುವುದು ತಿ. ನರಸೀಪುರದ ಸಂಗಮದಲ್ಲಿ, ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುವ ಜಾಗದಲ್ಲಿ.

ಹಾಗಂತ ಶುದ್ಧೀಕರಣ ಘಟಕ ಇಲ್ಲ ಅಂತಲ್ಲ. ವಿದ್ಯಾರಣ್ಯಪುರಂ, ರಾಯನಕೆರೆ, ಕೆಸರೆ, ಮೂರು ಕಡೆ ಇವೆ. ಒಳಗೆ ದುಡಿಯುವುದು ಬ್ಯಾಕ್ಟೀರಿಯಾಗಳು. ಗಾಳಿ ಊದಿದರೆ ಸಾಕು, ಕೊಳೆಯನ್ನೆಲ್ಲ ತಿಂದು ನೀರು ತಿಳಿಯಾಗಿಸುತ್ತವೆ. ಸಂಬಳ ಕೇಳಲ್ಲ, ವರ್ಗಾವಣೆ ಕೇಳಲ್ಲ, ಕರೆಂಟು ಮಾತ್ರ ಹೋಗಬಾರದು. ಆದರೆ ಊಟ ಅವುಗಳ ಬಾಯಿಗೆ ತಲುಪಬೇಕಲ್ವಾ? ನಮ್ಮ ಬೀದಿಯ ಮ್ಯಾನ್‌ಹೋಲ್ ಮೂರು ವಾರ ಉಕ್ಕಿ ಪಕ್ಕದ ಮಳೆನೀರಿನ ಚರಂಡಿಗೆ ಹರಿಯಿತು. ಫೋನ್ ಮಾಡಿದರೆ, "ಒಂದು ಜೋರು ಮಳೆ ಬರ್ಲಿ ಸಾರ್, ತಾನೇ ಹೋಗ್ತದೆ" ಅಂದರು. ಮಳೆ ಬಂತು, ಹೋಯಿತು. ದೂರು ಬಗೆಹರಿದಿದೆ ಅಂತ ಮೆಸೇಜೂ ಬಂತು.

ಹೋದ ವರ್ಷ ದೊಡ್ಡಪ್ಪನ ಅಸ್ಥಿ ಬಿಡಲು ನರಸೀಪುರಕ್ಕೆ ಹೋಗಿದ್ದೆವು. ಮುಳುಗೋಣ ಅಂತ ಇಳಿದೆ, ಮೊಣಕೈಗೆ ಶಾಂಪೂ ಪ್ಯಾಕೆಟ್ ಅಂಟಿತು. ಪುರೋಹಿತರು ಮೆಟ್ಟಿಲ ಮೇಲಿಂದಲೇ, "ಇಲ್ಲಿ ಬೇಡಿ ಸ್ವಾಮಿ, ಸ್ವಲ್ಪ ಮೇಲಕ್ಕೆ ಹೋಗಿ ಮುಳುಗಿ" ಅಂದರು. ಹೋದೆ. ಅಲ್ಲೊಬ್ಬ ಲಗೇಜ್ ಆಟೋ ತೊಳೆಯುತ್ತಿದ್ದ. ಪಾಪ, ಅವನೂ, "ಇನ್ನೂ ಸ್ವಲ್ಪ ಮೇಲಕ್ಕೆ ಹೋಗಿಣ್ಣ" ಅಂದ.

ಸರ್ಕಾರಕ್ಕೂ ಈ ಪುರೋಹಿತರೇ ಸಲಹೆ ಕೊಟ್ಟಿರಬೇಕು. ಕಾವೇರಿ ಆರತಿಗೆ 92 ಕೋಟಿಯ ಯೋಜನೆ ಹಾಕಿದರು, ಜಾಗ ಯಾವುದು? ಕೆಆರ್‌ಎಸ್. ಶ್ರೀರಂಗಪಟ್ಟಣ, ಮೈಸೂರು, ಬೆಂಗಳೂರು ಎಲ್ಲವೂ ಕೆಳಗೆ. ತಾಯಿ ಮುಖ ತೊಳೆದುಕೊಂಡು ನಿಂತಿರುವ ಕಡೆಯೇ ಮಂಗಳಾರತಿ ಎತ್ತಿದರೆ ಫೋಟೋನೂ ಚೆನ್ನಾಗಿ ಬರುತ್ತದೆ.

ತೊಂದರೆ ಪೂಂಪುಹಾರ್‌ನಲ್ಲಿ. ನಾವು ಬಿಟ್ಟದ್ದರಲ್ಲಿ ಅಳಿದುಳಿದದ್ದು ಅಲ್ಲಿ ಬಂಗಾಳ ಕೊಲ್ಲಿಗೆ ಬೀಳುತ್ತದೆ. ಕಡಲಿನ ಮೀನಿಗೆ ಸ್ವಲ್ಪ ಮೇಲಕ್ಕೆ ಹೋಗು ಅಂದರೆ ಅದು ಎಲ್ಲಿಗೆ ಹೋಗಬೇಕು?

ನಮಗೆ ಕಡಲಿನ ಚಿಂತೆ ಯಾಕೆ ಅನ್ನೋರಿಗೆ ದೊಡ್ಡಮ್ಮನ ಬಾಟಲಿ ತೋರಿಸಬೇಕಿತ್ತು. ಸಂಗಮದ ನೀರು ತೀರ್ಥ ಅಂತ ತುಂಬಿಸಿಕೊಂಡು ಬಂದು ಕಿಟಕಿ ಪಕ್ಕ ಇಟ್ಟಿದ್ದರು. ಹತ್ತು ದಿನಕ್ಕೆ ಹಸಿರಾಯಿತು. ಕೊಳಚೆಯಲ್ಲಿರುವ ಸಾರಜನಕ, ರಂಜಕ ಪಾಚಿಗೆ ಕಬ್ಬಿಗೆ ಯೂರಿಯಾ ಹಾಕಿದ ಹಾಗೆ. ಹುಲುಸಾಗಿ ಬೆಳೆದು, ಸತ್ತು, ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತದೆ. ಕಡಲ ತೀರದಲ್ಲೂ ಹೀಗೇ ಆಗುವುದು, ಬಾಟಲಿ ದೊಡ್ಡದು ಅಷ್ಟೇ.

ಮುಚ್ಚಳ ತೆಗೆದ ದೊಡ್ಡಮ್ಮ ಮೂಗು ಮುಚ್ಚಿಕೊಂಡರು. "ಥೂ, ಇದನ್ನ ತುಳಸಿಗೆ ಹಾಕಿದ್ರೆ ಒಣಗಿಹೋಗ್ತದೆ ಕಣಪ್ಪ" ಅಂತ ಬಚ್ಚಲಿಗೆ ಸುರಿದರು. ಅಳೆದೇ ಸುರಿದರು, ಸರಿಯಾಗಿ ಒಂದು ಲೀಟರ್.